ಮೂರು ಕುಟ್ಟು ಎಲೆಅಡಿಕೆಗೆ ಒಂದು ಆಯಾ

ಶೃಂಗೇರಿಯಲ್ಲಿ ಟೀಚರ್ ಆಗಿರೋ ನನ್ನ ಮೊಮ್ಮಗಳು ಮೊನ್ನೆ ಫೋನ್ ಮಾಡಿ, "ಅಜ್ಜಿ, ಹೆರಿಗೆ ರಜೆ ಮುಗೀತು. ಮಗು ನೋಡ್ಕೊಳ್ಳೋಕೆ ಆಯಾ ಇಟ್ರೆ ನಮ್ಮಂತವರಿಗೆ ಗಿಟ್ತದಾ?" ಅಂತ ಕೇಳಿದ್ಲು.

"ಗಿಟ್ಟದೇ ಎಂತ ಮಾರಾಯ್ತಿ? ನಾನೇ ಒಬ್ಳನ್ನ ಇಟ್ಟಿದ್ದೆ, ಒಂಬತ್ತನೇ ವರ್ಷದಲ್ಲಿ" ಅಂದೆ.

ಆ ಕಡೆಯಿಂದ ಗಂಡ ಹೆಂಡ್ತಿ ಇಬ್ರೂ ಕಿಸಕ್ಕಂತ ನಕ್ರು. ಅಜ್ಜಿಗೆ ಅರಳುಮರಳು ಅಂದ್ಕೊಂಡಿರಬೇಕು. ಈ ಫೋನಲ್ಲಿ ಕನ್ನಡ ಒತ್ತೋದು ಕಲ್ತು ನಂಗಿನ್ನೂ ತಿಂಗಳಾಗಿಲ್ಲ. ಒಂದೇ ಬೆರಳು. ಆದ್ರೂ ನಕ್ಕವರಿಗೆ ಉತ್ತರ ಬರೆದೇ ಏಳೋದು ಅಂತ ಕೂತಿದ್ದೀನಿ.

ಆಗ ನಾವು ಮುತ್ತಿನಕೊಪ್ಪದಲ್ಲಿದ್ವಿ. ಯುದ್ಧ ನಡೀತಿದ್ದ ಕಾಲ, ಸೀಮೆಎಣ್ಣೆ ಸಿಗ್ತಿರ್ಲಿಲ್ಲ. ಅಪ್ಪ ಕೊಪ್ಪದ ಕಡೆ ಕಾಡಲ್ಲಿ ಮರ ಕಡಿಯೋಕೆ ಹೋದ್ರೆ ಹದಿನೈದು ದಿನಕ್ಕೊಂದ್ಸಲ ಬರೋರು. ಅಮ್ಮ ಗದ್ದೆ ತೋಟದ ಕೂಲಿಗೆ ಹೋಗೋಳು. ತಮ್ಮನಿಗೆ ಹತ್ತು ತಿಂಗಳು, ಅಂಬೆಗಾಲು. ಅವನು ನನ್ನ ಸೊಂಟದ ಮೇಲೇ ಬೆಳೆದ ಅಂದ್ರೂ ಸರಿ. ಕೊನೆಗೆ ನನ್ನ ಜೊತೆ ಶಾಲೆಗೂ ಬಂದ.

ಅವನು ಶಾಲೆಗೆ ಬಂದಿದ್ದು ಮೂರೇ ದಿನ. ಮೊದಲನೇ ದಿನ ಬಳಪ ತಿಂದ. ಎರಡನೇ ದಿನ ಮೇಷ್ಟ್ರ ಹಾಜರಿ ಪುಸ್ತಕದ ಮೇಲೆ ಉಚ್ಚೆ ಹೊಯ್ದ. ಮೂರನೇ ದಿನ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಲೆಕ್ಕ ಬರೀತಿದ್ದಾಗ ಹಿಂದಿನಿಂದ ತೆವಳಿ ಹೋಗಿ ಅವರ ಕಚ್ಚೆ ಹಿಡ್ಕೊಂಡು ಎದ್ದು ನಿಂತ. ಅವನು ಜೀವಮಾನದಲ್ಲಿ ಎದ್ದು ನಿಂತಿದ್ದು ಅದೇ ಮೊದಲು. ಕಚ್ಚೆ ಕಳಚಿತು. ನಂಗೆ ನಗು ತಡಿಯೋಕಾಗ್ಲಿಲ್ಲ, ಅದೇ ನನ್ನ ತಪ್ಪು.

"ನಾಳೆಯಿಂದ ಸ್ಲೇಟು ತಾ, ತಮ್ಮನ್ನ ತರಬೇಡ. ಎರಡೂ ತರ್ತೀನಿ ಅಂದ್ರೆ ನೀನೂ ಬರಬೇಡ" ಅಂದ್ರು ಮೇಷ್ಟ್ರು.

ಅದೇ ವಾರ ಅಡಿಕೆ ಸುಲಿತ ಶುರುವಾಗೋದಿತ್ತು. ಗದ್ದೆ ಕೆಲಸ ಆದ್ರೆ ಅಮ್ಮ ಬದುವಿನ ಮರಕ್ಕೆ ಸೀರೆ ತೊಟ್ಟಿಲು ಕಟ್ಟಿ ತಮ್ಮನ್ನ ಮಲಗಿಸ್ತಿದ್ಲು. ಸುಲಿಯೋ ಅಂಗಳದಲ್ಲಿ ಹಂಗಾಗಲ್ಲ. ಹತ್ತಿಪ್ಪತ್ತು ಹೆಂಗಸ್ರು ಮೆಟ್ಟುಕತ್ತಿ ಇಟ್ಕೊಂಡು ಸಾಲಾಗಿ ಕೂತಿರ್ತಾರೆ. ಕಾಲಲ್ಲಿ ಮೆಟ್ಟಿ ಹಿಡಿಯೋ ಕತ್ತಿ ಅದು, ಅಲಗು ಮೇಲಕ್ಕೆ. ಅಂಬೆಗಾಲು ಮಗುನ ಅಲ್ಲಿಗೆ ಯಾರೂ ಬಿಟ್ಕೊಳ್ಳಲ್ಲ.

"ಇನ್ನು ನಾಕೇ ದಿನ. ಆಮೇಲೆ ನೀನು ಮನೇಲಿ ಕೂರು" ಅಂದ್ಲು ಅಮ್ಮ.

"ಕೂರಲ್ಲ."

"ಮತ್ತೆ ಯಾರು ಕೂರ್ತಾರೆ, ನಿನ್ನ ಗಂಡನಾ?"

"ಆಳು ಇಡೋಣ."

ಅಮ್ಮ ರಾಗಿ ಮುದ್ದೆ ತಿರುವ್ತಿದ್ದೋಳು ಕೋಲು ಬಿಟ್ಟು ನಕ್ಲು. "ನಾವೇ ಆಳು ಕಣೆ. ಆಳಿಗೊಂದು ಆಳಂತೆ! ಹೊರಗೆಲ್ಲೂ ಹೇಳಬೇಡ, ಊರವರು ನಗ್ತಾರೆ."

ನಂಗೆ ಈ ಯೋಚನೆ ಬಂದಿದ್ದು ಸುಮ್ನೆ ಅಲ್ಲ. ನರಸಿಂಹರಾಜಪುರದ ಸಂತೆಗೆ ಹೋದಾಗ ಒಬ್ಬ ಸಾಹುಕಾರರ ಜಗಲಿ ಮೇಲೆ ಒಬ್ಬ ಹೆಂಗಸು ಮಗು ಆಡಿಸ್ತಿದ್ದಿದ್ದು ನೋಡಿದ್ದೆ. ಅವಳಿಗೆ ಅದೊಂದೇ ಕೆಲಸ. ಎರಡು ಹೊತ್ತು ಊಟ, ವರ್ಷಕ್ಕೆರಡು ಸೀರೆ. ನಾನು ಹೋಗಿ ಕೇಳಿದ್ದೆ, "ಮತ್ತೆ ನಿಮ್ಮ ಮಗು?"

"ನನ್ನ ದೊಡ್ಡ ಮಗಳ ಸೊಂಟದ ಮೇಲಿದೆ."

"ಅವಳು ಶಾಲೆಗೆ ಹೋಗಲ್ವಾ?"

ನಿಮ್ಮನೆ ಹಸು ಶಾಲೆಗೆ ಹೋಗಲ್ವಾ ಅಂತ ಕೇಳಿದೆನೇನೋ ಅನ್ನೋ ಹಂಗೆ ನನ್ನ ಮುಖ ನೋಡಿದ್ಲು. ಆ ದೊಡ್ಡ ಮಗಳ ಹಂಗೆ ನಾನು ಆಗಲ್ಲ ಅಂತ ಅವತ್ತೇ ಹಲ್ಲು ಕಚ್ಚಿ ಅಂದ್ಕೊಂಡಿದ್ದೆ.

ಅಮ್ಮ ಕೊನೆಗೆ ಒಂದು ಮಾತು ಕೊಟ್ಲು. "ನಾಕು ದಿನದೊಳಗೆ ಯಾರಾದ್ರೂ ಸಿಕ್ರೆ ಹೋಗು. ಸಿಗ್ಲಿಲ್ಲ ಅಂದ್ರೆ ನಿನ್ನ ಸ್ಲೇಟು ನನ್ನ ಗಡಿಗೆಗೆ ಮುಚ್ಚಳ."

ಕೇರಿಯೆಲ್ಲ ತಿರುಗಿದೆ. ಒಬ್ಳು ಮೊಟ್ಟೆ ಇಡೋ ಹ್ಯಾಟೆ ಕೇಳಿದ್ಲು. ನಮ್ಮನೇಲಿ ಮೊಟ್ಟೆನೂ ಇರ್ಲಿಲ್ಲ. ಇನ್ನೊಬ್ಳು "ನಿನ್ನ ತಮ್ಮನ್ನ ಹಗಲು ನಾನು ನೋಡ್ಕೊಳ್ತೀನಿ, ನನ್ನ ಅವಳಿಜವಳಿನ ಸಾಯಂಕಾಲ ನೀನು ನೋಡ್ಕೊ" ಅಂದ್ಲು. ಆ ಅವಳಿಜವಳಿ ನಂಗೆ ಗೊತ್ತಿತ್ತು, ಓಡಿ ಬಂದೆ. ಕೊನೆಗೆ ಉಳಿದಿದ್ದು ಎರಡು ಮನೆ ಆಚೆಯ ಒಂಟಿ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಬೈಗುಳ ಮಾತ್ರ ಬಾಯ್ತುಂಬ. ಎಲೆಅಡಿಕೆ ಇಲ್ದೆ ಅವಳಿಗೆ ಉಸಿರಾಡೋಕಾಗ್ತಿರ್ಲಿಲ್ಲ. ಹಲ್ಲಿಲ್ಲದೋರು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ನುಣ್ಣಗೆ ಮಾಡ್ಕೊಂಡು ತಿನ್ನೋದು. ಅವಳಿಗೆ ಮಣಿಕಟ್ಟಿಗೆ ವಾಯು ಹಿಡ್ದು ಕುಟ್ಟೋಕೂ ಆಗ್ತಿರ್ಲಿಲ್ಲ. ನಾಕು ಸಲ ಕುಟ್ಟಿ, ನಾಕು ಬೈದು, ಮತ್ತೆ ಕುಟ್ಟೋಳು.

"ಎಂತ ಕೊಡ್ತೀಯೇ?" ಅಂದ್ಲು.

"ಎಂತ ಬೇಕು?"

"ನಿನ್ನ ಹತ್ರ ಎಂತ ಇದೆ, ದರಿದ್ರದೋಳೇ?"

ಎರಡೂ ಕೈ ಮುಂದೆ ಚಾಚಿದೆ. ಅವಳು ಸಂತೆಯಲ್ಲಿ ಸೌತೆಕಾಯಿ ಒತ್ತಿ ನೋಡೋ ಹಂಗೆ ನನ್ನ ತೋಳು ಒತ್ತಿ ನೋಡಿದ್ಲು. "ಗಟ್ಟಿ ಇದೆ. ದಿನಕ್ಕೆ ಮೂರು ಕುಟ್ಟು. ಶಾಲೆಗೆ ಹೋಗೋಕೆ ಮುಂಚೆ ಒಂದು, ಮಧ್ಯಾಹ್ನ ಗಂಟೆ ಹೊಡೆದಾಗ ಓಡಿ ಬಂದು ಒಂದು, ಮುಸ್ಸಂಜೆಗೊಂದು. ಬೆಣ್ಣೆ ಹಂಗಿರ್ಬೇಕು. ಎಲೆ ನನ್ನ ಬಳ್ಳೀದು, ಅಡಿಕೆ ನಿಂದು."

ಸುಲಿಯೋ ಹೆಂಗಸ್ರಿಗೆ ಮನೆಗೆ ಹೋಗುವಾಗ ಒಂದು ಬೊಗಸೆ ಅಡಿಕೆ ಕೊಡೋ ರೂಢಿ ಇತ್ತು. ಮನೇಲಿರೋ ಒಣ ಅಡಿಕೆ ಸಾಲದಿದ್ರೆ ಅದರಲ್ಲಿ ಕೊಡೋದು ಅಂತ ಅಮ್ಮನ್ನ ಒಪ್ಪಿಸಿದೆ. ಅಮ್ಮ ಒಪ್ಪಿದ್ದು ನಾನು ಸೋಲ್ತೀನಿ ಅಂತ. ಅದು ಅವಳ ಮುಖದಲ್ಲೇ ಕಾಣ್ತಿತ್ತು.

ಏಳೆಂಟು ದಿನ ಚೆನ್ನಾಗಿ ನಡೀತು. ಮುದುಕಿ ತಮ್ಮನ್ನ ಆಡಿಸ್ತಿದ್ದಿದ್ದೂ ಬೈದೇ. "ಏ ಬೋಳುಮಂಡೆ, ಏ ಮೂಗುಸುರುಕ, ನಿನ್ನ ಹೆತ್ತೋಳಿಗೆ ಬೇರೆ ಕೆಲಸ ಇರ್ಲಿಲ್ವಾ" ಅಂತ ರಾಗವಾಗಿ ಬೈದಷ್ಟೂ ಅವನು ಕಿಲಕಿಲ ನಗೋನು. ಕೇರಿಗೆಲ್ಲ ಕೇಳ್ತಿತ್ತು.

ಆಮೇಲೆ ನಾನು ಒಂದು ಕಳ್ಳಬುದ್ಧಿ ಮಾಡಿದೆ. ಮಧ್ಯಾಹ್ನ ಎಲ್ಲ ಹುಡುಗೀರು ಕುಂಟೆಬಿಲ್ಲೆ ಆಡೋರು, ನಾನೊಬ್ಳು ಓಡ್ಬೇಕು. ಒಂದಿನ ಬೆಳಿಗ್ಗೇನೇ ಮೂರೂ ಹೊತ್ತಿಂದೂ ಒಟ್ಟಿಗೆ ಕುಟ್ಟಿ ಬಾಳೆಎಲೇಲಿ ಕಟ್ಟಿಟ್ಟೆ. ಒಣ ಅಡಿಕೆ ಮುಗ್ದಿತ್ತು. ಹಿಂದಿನ ದಿನ ಅಮ್ಮ ಮಡಿಲಲ್ಲಿ ತಂದಿದ್ದ ಹಸಿ ಅಡಿಕೆ ಹಾಕಿದೆ.

ಕೆಲವು ಮರದ ಹಸಿ ಅಡಿಕೆ ಸೊಕ್ಕು ಬರಿಸ್ತದೆ. ತಲೆ ತಿರುಗಿ, ಬೆವರು ಕಿತ್ತು, ಕಿವಿ ಗುಂಯ್ ಅಂತದೆ. ಹಲ್ಲಿರೋರಿಗೆ ಮೊದಲ ಕಡಿತಕ್ಕೇ ಗೊತ್ತಾಗಿ ಉಗುಳ್ತಾರೆ. ಕುಟ್ಟಿದ್ದನ್ನ ನುಂಗೋರಿಗೆ ಆಮೇಲೇ ಗೊತ್ತಾಗೋದು. ಅಡಿಕೆ ಊರಲ್ಲಿ ಹುಟ್ಟಿದ ನಂಗೆ ಇದು ಗೊತ್ತಿರ್ಲಿಲ್ಲ ಅಂದ್ರೆ ಸುಳ್ಳು. ಕುಂಟೆಬಿಲ್ಲೆ ಗುಂಗಲ್ಲಿ ನೆನಪಾಗ್ಲಿಲ್ಲ. ಮುದುಕಿಯೂ ಕಮ್ಮಿ ಇಲ್ಲ. ಮೂರು ಹೊತ್ತಿಂದು ಒಟ್ಟಿಗೆ ಕಣ್ಣಿಗೆ ಬಿತ್ತಲ್ಲ, ಆಸೆ ತಡೀದೆ ಒಂದೇ ಹೊತ್ತಿಗೆ ಮುಗಿಸಿದ್ಲು.

ಅವತ್ತು ಶಾಲೆ ಬಿಟ್ಟು ಕೇರಿ ತಿರುವಿಗೆ ಬಂದಾಗ ಬೈಗುಳ ಕೇಳಿಸ್ಲಿಲ್ಲ. ಮುದುಕಿ ಮನೆ ಕಡೆ ಓಡಿದೆ.

ಮುದುಕಿ ಕಂಬದ ಬುಡದಲ್ಲಿ ಅಂಗಾತ ಬಿದ್ದಿದ್ಲು. ಮುಖ ಬೆವರಲ್ಲಿ ತೋಯ್ದಿತ್ತು. ಅವಳ ಹಳೇ ಸೀರೆ ತುಂಡೊಂದರ ಒಂದು ತುದಿ ಅವಳ ಕಾಲಿಗೆ, ಇನ್ನೊಂದು ತುದಿ ತಮ್ಮನ ಸೊಂಟಕ್ಕೆ, ಎರಡೂ ಕಡೆ ಮೂರ್ಮೂರು ಗಂಟು. ಸೀರೆ ಪೂರ್ತಿ ಎಳೆದ್ರೂ ಒಲೆ ಅವನ ಕೈಗೆ ಒಂದು ಮೊಳ ಆಚೆಗೇ. ಅವನು ಅವಳ ಹೊಟ್ಟೆ ಮೇಲೆ ಕೂತು ಕುಟ್ಟಾಣಿ ಕೋಲಲ್ಲಿ ನೆಲ ಬಡೀತಿದ್ದ.

"ಅಜ್ಜೀ!"

ಕಣ್ಣು ಬಿಡ್ದೇ ಕೇಳಿದ್ಲು, "ಮಗು ಎಲ್ಲಿ?"

"ನಿಮ್ಮ ಹೊಟ್ಟೆ ಮೇಲೆ."

"ಹಂಗಾದ್ರೆ ಸರಿ. ಈಗ ಈ ಮನೆ ಮಾಡು ತಿರುಗೋದು ನಿಲ್ಸು."

ತಣ್ಣೀರು ಮುಖಕ್ಕೆ ಹಾಕಿದೆ, ಪಕ್ಕದ ಮನೆಯಿಂದ ಉಪ್ಪು ಹಾಕಿದ ಮಜ್ಜಿಗೆ ತಂದು ಕುಡಿಸಿದೆ. ಅಷ್ಟರಲ್ಲಿ ಅಮ್ಮ ಬಂದ್ಲು. ನೋಡಿದ್ಲು, ಕೇಳಿದ್ಲು. ಹೊಡೀಲಿಲ್ಲ. ಸೀದಾ ನನ್ನ ಕಂಕುಳಲ್ಲಿದ್ದ ಸ್ಲೇಟಿಗೆ ಕೈ ಹಾಕಿದ್ಲು. "ಮುಗೀತು. ನಾಳೆಯಿಂದ ಮನೇಲಿ."

ನಾನು ಅಳ್ಲಿಲ್ಲ. ಸ್ಲೇಟಿನ ಚೌಕಟ್ಟಿನ ಈ ತುದಿ ಹಿಡ್ಕೊಂಡೆ. ಅವಳು ಎಳೆದ್ಲು, ನಾನೂ ಎಳೆದೆ. ತಪ್ಪು ನಂದೇ ಅಂತ ಗೊತ್ತಿತ್ತು. ಆದ್ರೂ ಬೆರಳು ಬಿಡ್ಲಿಲ್ಲ.

ಮುದುಕಿ ಮೊಣಕೈ ಊರಿ ಎದ್ಲು. "ಏಯ್, ನೀನು ಯಾರೇ ನನ್ನ ಕೆಲಸ ಬಿಡ್ಸೋಕೆ? ನನ್ನ ಇಟ್ಟೋಳು ಇವಳು. ನೀನಲ್ಲ."

"ಮಗು ಬೆಂಕಿಗೆ ಹೋಗಿದ್ರೆ?"

"ಹೋಗಿದೆಯಾ? ಒಂದು ಗೀರು ತೋರ್ಸು ನೋಡೋಣ. ತಲೆ ತಿರುಗೋಕೆ ಶುರುವಾದ ಕೂಡ್ಲೇ ಗಂಟು ಹಾಕ್ದೆ. ಆಮೇಲೆ ಬಿದ್ದೆ. ಮೊದಲೇ ಬಿದ್ದೆನಾ? ಕೇಳು ನಿನ್ನ ಮಗನ್ನ."

ಅಮ್ಮ ತಮ್ಮನ್ನ ಎತ್ಕೊಂಡು ತಲೆಯಿಂದ ಹಿಮ್ಮಡಿವರೆಗೆ ಸವರಿ ನೋಡಿದ್ಲು. ಗೀರಿಲ್ಲ. ಗಂಟು ಬಿಚ್ಚೋಕೆ ನೋಡಿದ್ಲು, ಬಿಚ್ಚಲಿಲ್ಲ. ಅಷ್ಟು ಬಿಗಿ. ವಾಯು ಹಿಡಿದ ಕೈ ಅದನ್ನ ಹೆಂಗೆ ಬಿಗಿದಿತ್ತೋ! ಅಮ್ಮ ಕೊನೆಗೆ ಹಲ್ಲು ಹಾಕಿ ಎಳೆದು ಬಿಚ್ಚಿದ್ಲು. ಆಮೇಲೆ, "ಮಧ್ಯಾಹ್ನ ಓಡಿ ಬರೋದು ಒಂದಿನ ತಪ್ಪಿದ್ರೂ ಸ್ಲೇಟು ಒಡೀತೀನಿ" ಅಂದ್ಲು.

ಮುದುಕಿ ತನ್ನ ಸಂಬಳಕ್ಕೆ ಹೊಸ ಕರಾರು ಹಾಕಿದ್ಲು. ಇನ್ಮೇಲೆ ಪ್ರತೀ ಸಲ ಕುಟ್ಟಿದ್ರಲ್ಲಿ ಮೊದಲ ಉಂಡೆ ನಾನು ತಿನ್ಬೇಕು. "ನೀನು ಬೀಳ್ದಿದ್ರೆ ನಾನು ತಿಂತೀನಿ."

ಆಯಾ ಇಟ್ರೆ ಗಿಟ್ತದಾ ಅಂತ ಕೇಳಿದ್ಯಲ್ಲ ಮೊಮ್ಮಗಳೇ. ಸಂಬಳ ಎಷ್ಟು ಅಂತ ಕೇಳೋದು ಸರಿ, ಕೇಳು. ನಿನ್ನ ತಲೆ ತಿರುಗಿದ್ರೂ ಪರವಾಗಿಲ್ಲ ಅನ್ನೋವಷ್ಟು ನಿಂಗೆ ಆ ಟೀಚರ್ ಕೆಲಸ ಬೇಕಾ ಅಂತಲೂ ಕೇಳ್ಕೊ. ಬೇಕು ಅಂದ್ರೆ ಇಡು. ಹಂಗೇ, ಬರೋಳಿಗೆ ಮನೇಲಿ ಮಗು ಇದ್ರೆ ಅದನ್ನ ಯಾರು ಎತ್ಕೊಂಡಿದ್ದಾರೆ ಅಂತ ತಪ್ಪದೇ ವಿಚಾರಿಸು.

ಮಾರನೇ ದಿನ ಕುಟ್ಟಿ, ತಿಂದು, ಬೀಳ್ದೇ ಶಾಲೆಗೆ ಹೋದೆ. ಬಾಯಿ ಕೆಂಪಗೆ. ಮೇಷ್ಟ್ರು ಬೆತ್ತ ತಗೊಂಡ್ರು.

"ಇಷ್ಟುದ್ದ ಇದ್ದೀಯ, ಎಲೆಅಡಿಕೆ ಹಾಕ್ಕೊಂಡು ಬರ್ತೀಯಾ?"

"ಆಳಿಗೆ ಸಂಬಳ ಕೊಟ್ಟು ಬಂದೆ ಸಾರ್."

"ಸಂಬಳ ಕೊಟ್ಟೋರ ಬಾಯಿ ಕೆಂಪಾಗ್ತದಾ?"

"ನಮ್ಮನೇಲಿ ಆಗ್ತದೆ ಸಾರ್."

ಇಡೀ ಶಾಲೆ ನಕ್ತು. ಮೇಷ್ಟ್ರು ಮಾತ್ರ ನಗ್ಲಿಲ್ಲ. "ಕೈ ಚಾಚು" ಅಂದ್ರು.

ಎಡಗೈ ಚಾಚಿದೆ. ಮಧ್ಯಾಹ್ನ ಕುಟ್ಟೋಕೆ ಬಲಗೈ ಬೇಕಿತ್ತು.