ಎರಡನೇ ಭಾಗದಲ್ಲಿ ಚೆಂಡಿರಲಿಲ್ಲ

ಆಗ ನಾನು ಗುಬ್ಬಿಯ ಟೆಂಟ್ ಸಿನಿಮಾದಲ್ಲಿ ಆಪರೇಟರ್. ಫುಟ್‌ಬಾಲ್ ಚಿತ್ರದ ಮೊದಲ ಭಾಗ ಓಡಿಸಿದವನು ನಾನು. ಆಮೇಲೆ ಬಂದ ಎರಡನೇ ಭಾಗ ಮಾತ್ರ ಕುಣಿಗಲ್ ಟೆಂಟಿನ ಆಪರೇಟರ್ ಪುಟ್ಟಯ್ಯನ ಪಾಲಾಯಿತು. ಹೊಟ್ಟೆ ಉರಿಯಿತು. ಬಸ್ಸು ಹತ್ತಿ ನೋಡಲು ಹೋದೆ.

ಚಿತ್ರ ದಂಡ. ನಾಯಕ ಕಾಲು ಮುರಿದುಕೊಂಡು ಮಂಚದ ಮೇಲೇ ಹಾಡುತ್ತಿದ್ದ. ನೆಲದಲ್ಲಿ ಕೂತ ಜನ ಕೂಗಿದರು: "ಏನ್ಲಾ ಪುಟ್ಟ, ಚೆಂಡೆಲ್ಲೋ?" ನನಗೆ ಹಾಲು ಕುಡಿದಷ್ಟು ಸಂತೋಷ.

ಪುಟ್ಟಯ್ಯ ಮೆಷಿನ್ ನಿಲ್ಲಿಸಿ ಬೇರೆ ರೀಲು ಹಾಕಿದ. ಮೊದಲ ಭಾಗದ ಕೊನೆಯ ಪಂದ್ಯ! ಟೆಂಟ್ ಹಾರಿಹೋಗುವಷ್ಟು ಶಿಳ್ಳೆ.

ಸಿನಿಮಾ ಮುಗಿದ ಮೇಲೆ ಪುಟ್ಟಯ್ಯನನ್ನು ಕೇಳಿದೆ: "ಆ ರೀಲು ಎಲ್ಲಿತ್ತೋ?"

"ನಿಮ್ ಓನರ್ ಹತ್ರಾನೇ ಇಸ್ಕೊಂಬಂದೆ ಕಣೋ. ಚೆನ್ನಾಗಿತ್ತಲ್ವಾ?"

ಚೆನ್ನಾಗಿತ್ತು. ಅದೇ ಪಂದ್ಯ ನಾನು ಓಡಿಸಿದಾಗ ಗುಬ್ಬಿಯಲ್ಲಿ ಒಬ್ಬನೂ ಶಿಳ್ಳೆ ಹೊಡೆದಿರಲಿಲ್ಲ.