ಮುದಿ ಸಾಮಾನುಗಳ ವಾಯುವಿಹಾರ

ನಮ್ಮ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರು ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರಿಗೂ ಸ್ಟೋರಣ್ಣ. ಅವರ ಪ್ರತಿ ಸಾಮಾನಿಗೂ ಈಗ ರೇಡಿಯೊ ಟ್ಯಾಗ್ ಅಂಟಿದೆ. ಯಾವುದು ಹೊಸ್ತಿಲು ದಾಟಿದರೂ ಬಾಗಿಲ ಮೇಲಿನ ಯಂತ್ರ ಕುಂಯ್ ಎಂದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಆರು ತಿಂಗಳು ಹೊಸ್ತಿಲು ದಾಟದ ಸಾಮಾನನ್ನು ಕಂಪ್ಯೂಟರೇ ಗುಜರಿಯ ಪಟ್ಟಿಗೆ ಸೇರಿಸಿಬಿಡುತ್ತದೆ. ಹಳೆಯದೊಂದನ್ನೂ ಬಿಟ್ಟುಕೊಡದ ಸ್ಟೋರಣ್ಣನಿಗೆ ಇದು ತಿಳಿದದ್ದೇ ತಡ, ಯಂತ್ರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೇ ತೂರಿದರು. ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ಮುದಿ ಸಾಮಾನುಗಳನ್ನೆಲ್ಲ ಒಂದೊಂದಾಗಿ ವಾಯುವಿಹಾರಕ್ಕೆ ಹೊರಡಿಸುತ್ತಾರೆ. ಮೂರೇ ಚಕ್ರ ಉಳಿದ ವೀಲ್‌ಚೇರನ್ನು "ನಡಿಯಪ್ಪ, ಕೂತು ಕೂತು ಸೊಂಟ ಹಿಡ್ಕೊಂಡೀತು" ಎಂದು ತಳ್ಳುತ್ತಾರೆ, ಕುತ್ತಿಗೆ ಮುರಿದ ಟೇಬಲ್ ಫ್ಯಾನನ್ನು "ತಲೆ ಎತ್ತು, ನಾಚಿಕೆ ಯಾಕೆ?" ಎಂದು ಕಂಕುಳಲ್ಲಿ ಅವುಚುತ್ತಾರೆ. ಹೊಸ್ತಿಲಾಚೆ ಎರಡು ಹೆಜ್ಜೆ, ಕುಂಯ್, ಮತ್ತೆ ಒಳಗೆ. "ಏನ್ರೀ ಸ್ಟೋರಣ್ಣ, ಈ ಫ್ಯಾನ್ ಅಷ್ಟೊಂದು ಓಡಾಡುತ್ತಾ?" ಎಂದು ಮೇಲಧಿಕಾರಿ ಕಂಪ್ಯೂಟರಿನ ಓಡಾಟದ ಪಟ್ಟಿ ನೋಡಿ ಕೇಳಿದರೆ, "ತುಂಬಾ ಬೇಡಿಕೆ ಸಾರ್, ಒಂದ್ ಕಡೆ ನಿಲ್ಲೋದೇ ಇಲ್ಲ" ಎನ್ನುತ್ತಾರೆ, ಮುಖದ ಒಂದು ಗೆರೆಯೂ ಕದಲದಂತೆ. ಕೊನೆಯ ಸರದಿ ಶಿಶುಗಳನ್ನು ತೂಗುವ, ಮುಳ್ಳು ಅಲುಗದ ಹಳೆಯ ತಕ್ಕಡಿಯದು. ಮೂರೇ ದಿನ ಬದುಕಿದ್ದ ಸ್ಟೋರಣ್ಣನ ಮಗಳನ್ನು ತೂಗಿದ್ದು ಅದರಲ್ಲೇ ಎಂದು ಹಿರಿಯ ನರ್ಸಮ್ಮ ಒಮ್ಮೆ ನನಗೆ ಹೇಳಿದ್ದರು. ಅದನ್ನು ಮಾತ್ರ ಸ್ಟೋರಣ್ಣ ತಟ್ಟೆಯ ಕೆಳಗೆ ಅಂಗೈ ಕೊಟ್ಟು, ಎದೆಗವಚಿಕೊಂಡು ಹೊಸ್ತಿಲು ದಾಟುತ್ತಾರೆ. ಯಂತ್ರ ಕುಂಯ್ ಎಂದ ಮೇಲೂ ಹಿಂದಿರುಗುವುದಿಲ್ಲ. ಕಾರಿಡಾರಿನ ಉದ್ದಕ್ಕೂ ನಡೆದು, ಬಿಸಿಲು ಬೀಳುವ ಕಿಟಕಿಯವರೆಗೆ ಹೋಗಿ ಬರುತ್ತಾರೆ.