ಪಿಳ್ಳಮ್ಮತ್ತೆ ಕಂಡ ಚಂದ್ರ

ಬೆಳಿಗ್ಗೆ ಅಟ್ಟದ ಮೇಲಿಂದ ದುರ್ಬೀನಿನ ಪೆಟ್ಟಿಗೆಯನ್ನು ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ಪುಡಿಪುಡಿಯಾದ ಸ್ಪಂಜಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಈ ವಯಸ್ಸಿನಲ್ಲಿ ಇವನಿಗೆ ಮತ್ತೆ ಆಕಾಶದ ಹುಚ್ಚು ಹತ್ತಿತೇ ಎಂದು ನೀವು ಗಾಬರಿಯಾಗಬೇಡಿ. ತಾರಸಿಯ ಕುಂಡದಲ್ಲಿ ಹಾಗಲಬಳ್ಳಿ ತಲೆಯೆತ್ತಿದೆ. ಅದನ್ನು ಹಬ್ಬಿಸಲು ನನ್ನ ಹೆಂಡತಿಗೆ ದುರ್ಬೀನಿನ ಮೂರು ಕಾಲಿನ ಸ್ಟ್ಯಾಂಡು ಬೇಕಂತೆ. ಕೊಂಡಾಗಿನಿಂದ ಅದಕ್ಕೆ ಸಿಕ್ಕ ಮೊದಲ ಕಾಯಂ ಕೆಲಸ ಇದು.

ಕೊಂಡವನು ನಾನೇ, ಯಾರೂ ಬಲವಂತ ಮಾಡಿರಲಿಲ್ಲ. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ಕೂದಲೆಳೆಯಷ್ಟು ತಪ್ಪು ಹುಡುಕಿ ಹುಡುಕಿ, ಸಂಜೆಯಾದರೂ ತಪ್ಪಿಲ್ಲದ್ದೇನನ್ನಾದರೂ ನೋಡೋಣವೆನಿಸಿತ್ತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಳೆ ತೊಟ್ಟ ಶನಿ, ರಂಗೋಲಿಪುಡಿ ಚೆಲ್ಲಿದಂಥ ನಕ್ಷತ್ರಲೋಕ. ಅವಲಪಲ್ಲಿಯ ನಮ್ಮ ತಾರಸಿಯಿಂದ ಕಂಡದ್ದು ಅಕ್ಕಿಕಾಳಿನಂತೆ ನಡುಗುವ ಒಂದು ಚುಕ್ಕೆ, ಎದುರುಮನೆಯ ನೀರಿನ ಟ್ಯಾಂಕು, ಅದರ ಮೇಲೊಂದು ಕಾಗೆ. ಶನಿಗಿಂತ ಅವನ ವಾಹನವೇ ಚೆನ್ನಾಗಿ ಕಂಡಿತು ಅನ್ನಿ. ಎದುರುಮನೆಯಾಕೆ ಬಟ್ಟೆ ಒಣಹಾಕುವ ತಂತಿಯನ್ನು ಹಿತ್ತಲಿಗೆ ಸಾಗಿಸಿದ ಮೇಲೆ ನನ್ನ ಖಗೋಳ ಸಂಶೋಧನೆಯೂ ನಿಂತಿತು.

ಅದನ್ನು ಕೇಳಿ ತರಿಸಿಕೊಂಡವನು ಒಬ್ಬನೇ: ಮುನಿರಾಜು, ನನ್ನ ಸೋದರತ್ತೆ ಪಿಳ್ಳಮ್ಮನ ಮಗ. ಇದು ಕೆಲವು ವರ್ಷದ ಹಿಂದಿನ ಮಾತು. ಅವರ ಊರು ಸಾನಮಾವು ಕಾಡಿನ ಅಂಚಿನಲ್ಲಿದೆ. ಅವನೂ ನನ್ನ ಹಾಗೆ ಕಾರ್ಖಾನೆಗೆ ಹೋಗುವವನು. ನನಗಿಲ್ಲದೆ ಅವನಿಗಿರುವುದು ಹೊಲ ಮತ್ತು ಆನೆ. ರಾಗಿತೆನೆ ಹಾಲುಗಟ್ಟುವ ಹೊತ್ತಿಗೆ ಆನೆಗಳು ಇಳಿಯುತ್ತವೆ. ಶಿಫ್ಟು ಮುಗಿಸಿ ಬಂದವನು ನಿದ್ದೆಗೆಟ್ಟು ಕಾವಲು ಕೂರಬೇಕು. ಅದರ ಹಿಂದಿನ ಸುಗ್ಗಿಯಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಬದುವಿನಿಂದ ಬಿದ್ದು ಮೊಣಕಾಲು ಜಖಂ ಮಾಡಿಕೊಂಡಿದ್ದ. ಇನ್ನು ಚೆಂಡುಹೂವೇ ಹಾಕುತ್ತೇನೆ, ಆನೆ ಅದಕ್ಕೆ ಬಾಯಿಡುವುದಿಲ್ಲ ಎಂದು ಅವನ ಹಟ. ಅತ್ತೆಗೆ ರಾಗಿಯೇ ಆಗಬೇಕು.

"ಕೊಂಡ್ಕಂಡ್ ಬಂದ ರಾಗಿ ಮುದ್ದೆ ಗಂಟ್ಲಾಗೆ ಇಳೀತದೇನ್ಲಾ? ಹೂವ ತಿಂದು ಬದುಕ್ತೀಯಾ?" ಎಂದು ಕೇಳುತ್ತಿದ್ದಳು.

ತೀರ್ಪು ಕೊಡಬೇಕಾದವನು ಚಂದ್ರ. ಆ ಮನೆಯ ರೂಢಿ ಹಾಗೆ. ಯುಗಾದಿಯ ಮರುದಿನ ಹೊಸತೊಡಕು. ಹಗಲು ಬಾಡೂಟ, ಸಂಜೆ ಚಂದ್ರನ ದರ್ಶನ. ಪಡುವಣದಲ್ಲಿ ಉಗುರಿನಂತೆ ಮೂಡುವ ಚಂದ್ರನನ್ನು ಮನೆಯ ಹಿರಿಯರು ಮೊದಲು ನೋಡಿ, ಅವನ ಯಾವ ಕೋಡು ಮೇಲಿದೆಯೆಂದು ಹೇಳಬೇಕು. ಬಲಗೋಡು ಮೇಲಿದ್ದರೆ ದವಸದ ವರ್ಷ, ರಾಗಿ ಬಿತ್ತಬೇಕು. ಎಡಗೋಡು ಮೇಲಿದ್ದರೆ ಹಣದ ವರ್ಷ, ಹೂವೋ ಟೊಮ್ಯಾಟೊವೋ ಹಾಕಬಹುದು. ಆಮೇಲೆ ಕಿರಿಯರೆಲ್ಲ ಹಿರಿಯರ ಕಾಲಿಗೆ ಬೀಳುವುದು. ಬಿದ್ದ ಮೇಲೆ ವಾದವಿಲ್ಲ. ಮಾವ ತೀರಿಕೊಂಡ ನಂತರ ಆ ಅಧಿಕಾರ ಅತ್ತೆಗೆ ಬಂದಿತ್ತು. ವಿಚಿತ್ರವೆಂದರೆ, ಅಂದಿನಿಂದ ಚಂದ್ರ ಒಂದು ವರ್ಷವೂ ಎಡಗೋಡು ಎತ್ತಿರಲಿಲ್ಲ.

"ಅಮ್ಮಂಗೆ ಕಣ್ ಕಾಣಾಕಿಲ್ಲ ಭಾವ. ಸುಮ್ನೆ ಬಲಗೋಡು ಅಂತಾಳೆ" ಎಂದ ಮುನಿರಾಜು ಫೋನಿನಲ್ಲಿ. "ನಿನ್ ದುರ್ಬೀನು ತಕ್ಕಂಡ್ ಬಂದ್ಬುಡು. ಅವ್ಳೇ ನೋಡ್ಲಿ. ಮಿಷಿನ್ನು ಸುಳ್ ಹೇಳಲ್ಲ."

ಕಾರ್ಖಾನೆಯವರಾದ ನಮ್ಮಿಬ್ಬರಿಗೆ ಅದು ವೇದವಾಕ್ಯ. ಬಾಡೂಟದ ಆಸೆಯೂ ಸೇರಿ ಹೊರಟೇಬಿಟ್ಟೆ.

ಹೊಸತೊಡಕಿನ ಸಂಜೆ, ಹೊಟ್ಟೆಭಾರದಲ್ಲೇ ಅಂಗಳದಲ್ಲಿ ಸ್ಟ್ಯಾಂಡು ನಿಲ್ಲಿಸಿದೆ. ಬರಿಗಣ್ಣಿಗೇ ಚಂದ್ರ ಸಿಕ್ಕಿದ. ಹುಣಿಸೆಮರದ ಮೇಲ್ಗಡೆ, ಎಡಗೋಡನ್ನು ಚೆನ್ನಾಗಿಯೇ ಎತ್ತಿಕೊಂಡು ನಿಂತಿದ್ದ. ಮುನಿರಾಜು ಮೆಲ್ಲಗೆ ನನ್ನ ಬೆನ್ನಿಗೆ ತಿವಿದ. ಹಿರಿಯರಿಗಿಂತ ಮೊದಲು ನೋಡಬಾರದಲ್ಲ, ಇಬ್ಬರೂ ಕಂಡೂ ಕಾಣದವರಂತೆ ನಿಂತೆವು. ಅತ್ತೆ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಕೊಳವೆಗೆ ಕಣ್ಣಿಟ್ಟಳು.

"ಬಲಗೋಡು" ಎಂದಳು.

ಮುನಿರಾಜು ಬಗ್ಗಿ ತಾನೂ ನೋಡಿದ. ಎದ್ದಾಗ ಅವನ ಮುಖ ಬಾಡೂಟದಲ್ಲಿ ಬರೀ ಮೂಳೆ ಸಿಕ್ಕವನ ಹಾಗಿತ್ತು. "ಬಲಗೋಡೇ ಭಾವ."

ನನಗೆ ಆಗ ಹೊಳೆಯಿತು. ಕತ್ತು ನೋಯದಿರಲೆಂದು ಈ ದುರ್ಬೀನಿನಲ್ಲಿ ಕಣ್ಣಿಡುವ ಕಡೆ ಒಂದು ಓರೆ ಕನ್ನಡಿ ಇರುತ್ತದೆ. ಕನ್ನಡಿಯೆಂದ ಮೇಲೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಟ್ಯಾಂಕಿನ ಮೇಲಿನ ಕಾಗೆ ಯಾವ ಕಡೆ ಮುಖ ಮಾಡಿ ಕೂತಿದೆಯೆಂದು ನಾನೆಂದೂ ಪರೀಕ್ಷಿಸಿರಲಿಲ್ಲ. ತಪ್ಪು ಹುಡುಕುವುದು ನನ್ನ ಉದ್ಯೋಗವೆಂಬುದನ್ನು ದಯವಿಟ್ಟು ಮರೆತುಬಿಡಿ. ಗಂಟಲು ಸರಿಮಾಡಿಕೊಂಡು ಈ ವಿಜ್ಞಾನವನ್ನೆಲ್ಲ ವಿವರಿಸಿದೆ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು ಮಗನ ಕಡೆ ತಿರುಗಿದಳು.

"ತರ್ಸಿದೋನು ನೀನೇ. ನಿಂಗ್ ಬೇಕಾದ್ದು ಹೇಳ್ನಿಲ್ಲ ಅಂತ ಈಗ ಅದು ಉಲ್ಟಾನಾ?"

"ಆ ಕನ್ನಡಿ ಕಿತ್ತಾಕಿ ತೋರ್ಸು ಭಾವ" ಎಂದ ಅವನು.

ಕಿತ್ತು ತೋರಿಸಿದೆ. ಕನ್ನಡಿಯಿಲ್ಲದಿದ್ದರೆ ಈ ಕೊಳವೆ ಲೋಕವನ್ನೇ ತಲೆಕೆಳಗು ಮಾಡುತ್ತದೆ. ಚಂದ್ರ ಬೋರಲು ಹಾಕಿದ ಬಟ್ಟಲಾಗಿದ್ದ. ಅತ್ತೆ ಬೆಚ್ಚಿ ಹಿಂದೆ ಸರಿದಳು. "ವರ್ಷದ ಮೊದ್ಲಾಗೇ ಬೋರ್ಲಾಕ್ತೀಯೇನ್ಲಾ? ಮೊದ್ಲಿನಂಗೇ ಇಕ್ಕು." ಮೊದಲಿನಂತೆಯೇ ಇಟ್ಟೆ. ಕ್ವಾಲಿಟಿ ವಿಭಾಗದ ಮಾನ ಅಲ್ಲಿಗೆ ಹೋಯಿತು.

ಅವಳು ಮತ್ತೆ ಕಣ್ಣಿಟ್ಟಳು, ಈ ಸಲ ಕೋಡು ನೋಡುವುದಕ್ಕಲ್ಲ. ಚಂದ್ರ ಕೊಳವೆಯಿಂದ ಜಾರಿಹೋಗುತ್ತಿದ್ದ, ನಾನು ತಿರುಗಿಸಿ ತಿರುಗಿಸಿ ಹಿಡಿದುಕೊಡುತ್ತಿದ್ದೆ. ಕಣ್ಣು ತೆಗೆಯದೆಯೇ ಹೇಳಿದಳು:

"ನಿಮ್ ಮಾವ ಹೋದ್ಮೇಲೆ ನಾನು ಚಂದ್ರನ್ನ ಕಂಡೇ ಇಲ್ಲ ಕಣ್ಲಾ. ಎಲ್ಲಾ ಮಂಜು ಮಂಜು. ಕಾಣಾಕಿಲ್ಲ ಅಂದ್ಬುಟ್ರೆ ಈ ಮನ್ಯಾಗೆ ನನ್ ಮಾತ ಯಾರ್ ಕೇಳ್ತಾರೆ? ಇವತ್ತು ಕಂಡೆ."

ಮುನಿರಾಜು ಬರಿಗಣ್ಣಿನಿಂದ ಪಡುವಣದತ್ತ ನೋಡಿದ. ಎಡಗೋಡು ಇದ್ದಲ್ಲಿಯೇ ಇತ್ತು. ಅವನು ಅಮ್ಮನ ಕಡೆ ತಿರುಗಿ, "ಬಲಗೋಡೇ ಕಣಮ್ಮ" ಎಂದು ಅವಳ ಕಾಲಿಗೆ ಬಿದ್ದ. ಮೊಣಕಾಲು ಮಡಚುವಾಗ ಇನ್ನೂ ನೋಯುತ್ತಿತ್ತೆಂದು ಕಾಣುತ್ತದೆ, ಹಲ್ಲು ಕಚ್ಚಿಕೊಂಡ.

ಆ ವರ್ಷ ರಾಗಿ ಬಿತ್ತಿದರು. ಆನೆಗಳೂ ಬಂದವು, ಅವು ಚಂದ್ರನ ಯಾವ ಕೋಡನ್ನೂ ನೋಡಿ ಬರುವುದಿಲ್ಲ. ಕಾಣುವುದಿಲ್ಲವೆಂದು ಒಪ್ಪಿಕೊಂಡ ಅತ್ತೆ ಕಣ್ಣಿಗೆ ಕತ್ತರಿ ಹಾಕಿಸಲು ಮಾತ್ರ ಒಪ್ಪಲಿಲ್ಲ. ಮುಂದಿನ ಯುಗಾದಿಗಳಲ್ಲಿ ಮತ್ತೆ ಮಂಜನ್ನೇ ನೋಡಿ ಬಲಗೋಡು ಎಂದಳು, ಮಗ ಕಾಲಿಗೆ ಬಿದ್ದು ಕಾವಲಿಗೆ ಹೋದ. ದುರ್ಬೀನು ತಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಕಡೆಗೂ ಕಳೆದ ಚಳಿಗಾಲದಲ್ಲಿ ಪೊರೆ ತೆಗೆಸಿದರು. ಈಗ ಅವಳಿಗೆ ಅಕ್ಕಿಯಲ್ಲಿನ ಕಲ್ಲು, ಸೊಸೆ ಗುಡಿಸದ ಮೂಲೆ, ನನ್ನ ತಲೆಯ ನರೆ ಎಲ್ಲವೂ ಕಾಣುತ್ತದೆ. ಮನೆಯವರಿಗೆ ಸ್ವಲ್ಪ ಕಷ್ಟವೇ ಆಗಿದೆ.

ಮೊನ್ನೆ ಹೊಸತೊಡಕಿಗೆ ಬರಿಗೈಯಲ್ಲಿ ಹೋಗಿದ್ದೆ. ಸಂಜೆಗೆ ಪಡುವಣದ ತುಂಬ ಮೋಡ ಮುಚ್ಚಿಕೊಂಡು, ಚಂದ್ರನಿರಲಿ, ಅವನಿರುವ ದಿಕ್ಕೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಅಂಗಳದಲ್ಲಿ ನಿಂತು ಆ ಮೋಡವನ್ನೇ ದಿಟ್ಟಿಸಿದಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಮುನಿರಾಜುವಿನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಕೆನ್ನೆ ಇಳಿದಿತ್ತು. ಮಗ ಅಷ್ಟು ಸೊರಗಿದ್ದಾನೆಂದು ಅವಳಿಗೆ ತಿಳಿದದ್ದೇ ಪೊರೆ ತೆಗೆಸಿದ ಮೇಲೆ. ಒಮ್ಮೆ ಅವನ ಮುಖ ನೋಡಿದಳು, ಮತ್ತೆ ಮೋಡದ ಕಡೆ ತಿರುಗಿದಳು.

"ಎಡಗೋಡು ಕಣ್ಲಾ. ಹೂವ ಇಕ್ಕು."

ಮುನಿರಾಜು ಆಕಾಶ ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು "ಹೌದು ಕಣೋ, ಎಡಗೋಡೇ" ಎಂದೆ. ಅವನು ಬಿದ್ದೆದ್ದ ಮೇಲೆ ನಾನೂ ಹೋಗಿ ಅತ್ತೆಯ ಕಾಲಿಗೆ ಬಿದ್ದೆ.